ಯುನಿಕ್ಸ್ ಉಪಕರಣಗಳು ವಿಂಡೋಸಿಗೆ ಬಂದ ಬಗೆ

ನಿಮ್ಮ ಶಾಲೆಯ ಹತ್ತು ವರ್ಷಗಳ ದಾಖಲಾತಿ ಪಟ್ಟಿ ಗಣಕದಲ್ಲಿ ಪಠ್ಯ ಕಡತವಾಗಿ ಇದೆ ಎಂದುಕೊಳ್ಳಿ. ಸಾಲಿಗೊಂದರಂತೆ ಮಕ್ಕಳ ಊರಿನ ಹೆಸರು. ಯಾವ ಊರಿನಿಂದ ಎಷ್ಟು ಮಕ್ಕಳು ಬಂದರು, ಎಲ್ಲಕ್ಕಿಂತ ಹೆಚ್ಚು ಬಂದದ್ದು ಎಲ್ಲಿಂದ ಎಂದು ತಿಳಿಯಬೇಕು. ಯುನಿಕ್ಸ್ ಬಲ್ಲವರು ಇದಕ್ಕಾಗಿ ಹೊಸ ಪ್ರೋಗ್ರಾಮ್ ಬರೆಯಲು ಕೂರುವುದಿಲ್ಲ. 'ಸಾರ್ಟ್' ಎಂಬ ಆದೇಶದಿಂದ ಸಾಲುಗಳನ್ನು ಅಕಾರಾದಿಯಲ್ಲಿ ಜೋಡಿಸುತ್ತಾರೆ. ಬಂದದ್ದನ್ನು 'ಯುನಿಕ್' ಎಂಬ ಆದೇಶಕ್ಕೆ ಒಪ್ಪಿಸಿ ಒಂದೇ ಬಗೆಯ ಸಾಲುಗಳನ್ನು ಎಣಿಸುತ್ತಾರೆ. ಎಣಿಕೆಯನ್ನು ಮತ್ತೆ 'ಸಾರ್ಟ್'ಗೆ ಕೊಟ್ಟು ಇಳಿಕೆಯ ಕ್ರಮದಲ್ಲಿ ಇಡುತ್ತಾರೆ. ಒಂದು ಸಾಲಿನ ಆದೇಶದಲ್ಲಿ ಮೂರು ಹೆಸರು, ಅವುಗಳ ನಡುವೆ ಎರಡು ನಿಂತ ಗೆರೆ. ಕೆಲಸ ಮುಗಿಯಿತು.

ಆದರೆ ನಿಮ್ಮ ಪ್ರಯೋಗಾಲಯದ ಗಣಕಗಳಲ್ಲಿ ಇರುವುದು ವಿಂಡೋಸ್. 'ಸಾರ್ಟ್ ಅಲ್ಲಿಯೂ ಇದೆಯಲ್ಲ' ಎಂದು ನೀವು ಹೇಳಬಹುದು. ಇದೆ, ಆದರೆ ಹೆಸರು ಒಂದೇ, ಆಳು ಬೇರೆ. ವಿಂಡೋಸಿನ ಸಾರ್ಟ್‌ಗೆ ಅಂಕಿಗಳ ಬೆಲೆ ತಿಳಿಯದು. 10 ಅನ್ನು 9ಕ್ಕಿಂತ ಮೊದಲು ಇಡುತ್ತದೆ. 'ಫೈಂಡ್' ಎಂಬುದಂತೂ ಪೂರ್ತಿ ಬೇರೆ: ಯುನಿಕ್ಸಿನಲ್ಲಿ ಅದು ಕಡತಗಳನ್ನು ಹುಡುಕುತ್ತದೆ, ವಿಂಡೋಸಿನಲ್ಲಿ ಕಡತದ ಒಳಗಿನ ಪದವನ್ನು ಹುಡುಕುತ್ತದೆ. ಹಾಗಾದರೆ ಯುನಿಕ್ಸಿನ ಉಪಕರಣಗಳನ್ನೇ ತಂದು ಇಲ್ಲಿ ನಡೆಸಲು ಆಗದೆ? ಆಗುತ್ತದೆ. ಒಂದಲ್ಲ, ಹಲವು ಬಗೆಯಲ್ಲಿ ಆಗುತ್ತದೆ. ಆ ಬಗೆಗಳು ಒಂದರ ನಂತರ ಒಂದು ಹುಟ್ಟಿದ್ದಕ್ಕೆ ನಲವತ್ತು ವರ್ಷಗಳಿಗೂ ಹೆಚ್ಚಿನ ಚರಿತ್ರೆ ಇದೆ. ಉಪಕರಣವನ್ನು ಸಾಗಿಸುವಾಗ ಅದರ ಬೇರನ್ನು ಎಷ್ಟು ಆಳದಲ್ಲಿ ಕಡಿಯಬೇಕು ಎಂಬುದೇ ಈ ಚರಿತ್ರೆಯುದ್ದಕ್ಕೂ ಕಾಡಿದ ಪ್ರಶ್ನೆ.

ಹುಟ್ಟೂರು ಮತ್ತು ಮೊದಲ ವಲಸೆ

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಕೆಲಸ ಆರಂಭಿಸಿದರು. ಒಂದು ಪ್ರೋಗ್ರಾಮಿನ ಹೊರಹರಿವನ್ನು ಇನ್ನೊಂದರ ಒಳಹರಿವಿಗೆ ನೇರವಾಗಿ ಜೋಡಿಸಬೇಕು ಎಂದು ಅಲ್ಲಿಯೇ ಇದ್ದ ಡಗ್ಲಸ್ ಮೆಕ್‌ಇಲ್ರಾಯ್ ಬಹಳ ಕಾಲದಿಂದ ಒತ್ತಾಯಿಸುತ್ತಿದ್ದರು. 1973ರಲ್ಲಿ ಅದು ಕೈಗೂಡಿತು. ಅದೇ 'ಪೈಪ್', ನಾವು ಮೇಲೆ ಕಂಡ ನಿಂತ ಗೆರೆ. ಪೈಪ್ ಬಂದ ಮೇಲೆ ಪ್ರತಿ ಉಪಕರಣವೂ ಸಣ್ಣದಾಗಿಯೇ ಉಳಿಯಬಹುದಾಯಿತು. ಎಲ್ಲವೂ ಪಠ್ಯವನ್ನು ಓದಿ ಪಠ್ಯವನ್ನು ಹೊರಗೆ ಬಿಡುತ್ತವೆ. ಜೋಡಿಸುವುದು ಬಳಸುವವರ ಜಾಣ್ಮೆ.

ಬೆಲ್ ಪ್ರಯೋಗಾಲಯದ ಒಡೆತನದಲ್ಲಿ ಪಾಲಿದ್ದ ಎಟಿ ಅಂಡ್ ಟಿ ಕಂಪನಿ ದೂರವಾಣಿಯಲ್ಲದ ಬೇರೆ ವ್ಯಾಪಾರಕ್ಕೆ ಇಳಿಯದಂತೆ 1956ರ ಒಂದು ನ್ಯಾಯಾಲಯ ಒಪ್ಪಂದ ಕಟ್ಟಿಹಾಕಿತ್ತು. ಹಾಗಾಗಿ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಮೂಲಸಂಕೇತ ಸಹಿತ, ವಿಶ್ವವಿದ್ಯಾಲಯಗಳಿಗೆ ಹೋಯಿತು. ಅಲ್ಲಿ ಕಲಿತ ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಕಡೆ ಇದ್ದದ್ದು ಬೇರೆ ಬೇರೆ ಕಂಪನಿಗಳ ದೊಡ್ಡ ಗಣಕಗಳು, ಪ್ರತಿಯೊಂದಕ್ಕೂ ತನ್ನದೇ ಆದ ಕಾರ್ಯಾಚರಣ ವ್ಯವಸ್ಥೆ. ಕೈಗೆ ಹತ್ತಿದ ಉಪಕರಣಗಳು ಅಲ್ಲಿ ಇಲ್ಲ. ಈ ಕೊರತೆಗೆ ಬ್ರಯನ್ ಕರ್ನಿಗನ್ ಮತ್ತು ಪಿ.ಜೆ. ಪ್ಲಾಗರ್ 1976ರಲ್ಲಿ 'ಸಾಫ್ಟ್‌ವೇರ್ ಟೂಲ್ಸ್' ಎಂಬ ಪುಸ್ತಕದ ಮೂಲಕ ಉತ್ತರ ಕೊಟ್ಟರು. ಅಂದು ಎಲ್ಲ ಗಣಕಗಳಲ್ಲೂ ಸಿಗುತ್ತಿದ್ದ ಭಾಷೆ ಫೋರ್ಟ್ರಾನ್. ಅದರ ಮೇಲೆ 'ರ್ಯಾಟ್‌ಫಾರ್' ಎಂಬ ಹಗುರವಾದ ಹೊದಿಕೆ ಹಾಕಿ, ಯುನಿಕ್ಸಿನ ಉಪಕರಣಗಳನ್ನೇ ಹೋಲುವ ಪ್ರೋಗ್ರಾಮುಗಳನ್ನು ಪುಸ್ತಕದಲ್ಲಿ ಪೂರ್ತಿಯಾಗಿ ಅಚ್ಚುಹಾಕಿದರು. ಒಂದು ಅಕ್ಷರ ಓದು, ಒಂದು ಅಕ್ಷರ ಬರೆ, ಕಡತ ತೆರೆ ಎಂಬಂಥ ಕೆಲವೇ ಮೂಲಕ್ರಿಯೆಗಳನ್ನು ಆಯಾ ಗಣಕಕ್ಕೆ ತಕ್ಕಂತೆ ಬರೆದುಕೊಂಡರೆ ಸಾಕು, ಉಳಿದದ್ದೆಲ್ಲ ಹಾಗೆಯೇ ನಡೆಯುತ್ತದೆ.

ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಡೆನಿಸ್ ಹಾಲ್, ಡೆಬ್ರಾ ಶೆರರ್, ಜೋಸೆಫ್ ಸ್ವೆಂಟೆಕ್ ಇದನ್ನು ಮುಂದಕ್ಕೆ ಒಯ್ದರು. 1980ರಲ್ಲಿ ಪ್ರಕಟವಾದ ಅವರ ಪ್ರಬಂಧದ ಹೆಸರೇ 'ಮಿಥ್ಯಾ ಕಾರ್ಯಾಚರಣ ವ್ಯವಸ್ಥೆ' ಎಂಬ ಅರ್ಥದ್ದು. ಕೆಳಗೆ ಯಾವ ಕಂಪನಿಯ ಯಂತ್ರವಾದರೂ ಇರಲಿ, ಬಳಸುವವರ ಕೈಗೆ ಎಲ್ಲೆಡೆ ಒಂದೇ ರೀತಿಯ ಆದೇಶಗಳು ಸಿಗಬೇಕು ಎಂಬುದು ಅವರ ಗುರಿ. ಇಂದು ನಾವು ಹೊಸದೆಂದು ಬೆರಗಾಗುವ ಎಷ್ಟೋ ಸಂಗತಿಗಳ ಬೀಜ ಆ ಕೆಲವು ಪುಟಗಳಲ್ಲಿದೆ.

ಡಾಸ್ ಎಂಬ ಇಕ್ಕಟ್ಟು

ಐಬಿಎಂ ಕಂಪನಿಯ ಪಿಸಿಯೊಂದಿಗೆ 1981ರಲ್ಲಿ ಡಾಸ್ ಬಂತು. ಅದನ್ನು ಕೊಟ್ಟ ಮೈಕ್ರೋಸಾಫ್ಟ್ ಹಿಂದಿನ ವರ್ಷವಷ್ಟೇ 'ಜೆನಿಕ್ಸ್' ಎಂಬ ಹೆಸರಿನಲ್ಲಿ ಸ್ವತಃ ಯುನಿಕ್ಸನ್ನೇ ಮಾರಲು ಹೊರಟಿತ್ತು ಎಂಬುದು ಹಲವರಿಗೆ ತಿಳಿಯದು. 1983ರ ಡಾಸ್ 2.0ರಲ್ಲಿ ಯುನಿಕ್ಸಿನ ಪ್ರಭಾವ ಎದ್ದು ಕಾಣುತ್ತದೆ: ಮರದಂತೆ ಕವಲೊಡೆಯುವ ಕಡತಕೋಶಗಳು, ಪೈಪ್ ಎಲ್ಲವೂ ಬಂದವು. ಆದರೆ ಕೋಶಗಳ ಹೆಸರನ್ನು ಬೇರ್ಪಡಿಸಲು ಯುನಿಕ್ಸ್ ಬಳಸುವ / ಗುರುತು ಡಾಸ್‌ನಲ್ಲಿ ಆಗಲೇ ಬೇರೆ ಕೆಲಸಕ್ಕೆ, ಆದೇಶದ ಆಯ್ಕೆಗಳನ್ನು ಸೂಚಿಸಲು, ಮೀಸಲಾಗಿತ್ತು. ಆದ್ದರಿಂದ ಅದನ್ನು ತಿರುಗಿಸಿ \ ಮಾಡಿದರು. ಇಂದಿಗೂ ನಿಮ್ಮ ವಿದ್ಯಾರ್ಥಿಗಳು ಯಾವ ಗೆರೆ ಯಾವ ಕಡೆಗೆ ವಾಲಬೇಕು ಎಂದು ತಡವರಿಸುವುದಕ್ಕೆ ಈ ಸಣ್ಣ ನಿರ್ಧಾರವೇ ಕಾರಣ.

ಡಾಸ್‌ನ ಪೈಪ್ ಕೂಡ ತೋರಿಕೆಯದೇ. ಒಮ್ಮೆಗೆ ಒಂದೇ ಪ್ರೋಗ್ರಾಮ್ ನಡೆಸಬಲ್ಲ ವ್ಯವಸ್ಥೆ ಅದು. ಮೊದಲನೆಯದು ಮುಗಿಯುವವರೆಗೂ ಅದರ ಹೊರಹರಿವನ್ನು ತಾತ್ಕಾಲಿಕ ಕಡತದಲ್ಲಿ ತುಂಬಿಟ್ಟು, ಆಮೇಲೆ ಎರಡನೆಯದಕ್ಕೆ ಕೊಡುತ್ತಿತ್ತು. ನಲ್ಲಿಯ ನೀರನ್ನು ಕೊಳವೆಯಲ್ಲಿ ಹಾಯಿಸುವುದರ ಬದಲು ಬಿಂದಿಗೆಯಲ್ಲಿ ತುಂಬಿ ಹೊತ್ತೊಯ್ದಂತೆ. ಇಂಥ ನೆಲದಲ್ಲೂ ಕೆನಡಾದ ವಾಟರ್ಲೂವಿನ ಮಾರ್ಟಿಸ್ ಕರ್ನ್ ಸಿಸ್ಟಮ್ಸ್ ಎಂಬ ಕಂಪನಿ 1985ರಲ್ಲಿ 'ಎಂಕೆಎಸ್ ಟೂಲ್‌ಕಿಟ್' ಹೊರತಂದಿತು. ಯುನಿಕ್ಸಿನ ಒಂದೊಂದು ಉಪಕರಣವನ್ನೂ ಡಾಸ್‌ಗಾಗಿ ಕಟ್ಟಿ, ಮಾರಿತು.

ಇದೇ ಕಾಲದಲ್ಲಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ 'ಗ್ನು' ಯೋಜನೆ ಯುನಿಕ್ಸಿನ ಉಪಕರಣಗಳನ್ನೆಲ್ಲ ಮುಕ್ತ ತಂತ್ರಾಂಶವಾಗಿ ಹೊಸದಾಗಿ ಬರೆಯುತ್ತಿತ್ತು. ಅದರ ಸಿ ಕಂಪೈಲರ್ ಡಾಸ್‌ನಲ್ಲಿ ನಡೆಯಬಹುದೇ ಎಂದು ಸಭೆಯೊಂದರಲ್ಲಿ ಕೇಳಿದಾಗ, ಕಂಪೈಲರ್ ಬಲು ದೊಡ್ಡದು, ಡಾಸ್ 16 ಬಿಟ್ಟಿನದು, ಆಗದು ಎಂಬ ಅರ್ಥದ ಉತ್ತರ ಸ್ಟಾಲ್‌ಮನ್ನರಿಂದ ಬಂತು. ಡಿಜೆ ಡೆಲೋರಿ ಎಂಬವರು ಅದನ್ನು ಸವಾಲಾಗಿ ತೆಗೆದುಕೊಂಡು 1989ರಲ್ಲಿ ಕೆಲಸ ಆರಂಭಿಸಿದರು. ಇಂಟೆಲ್ 80386 ಚಿಪ್ಪಿನ 32 ಬಿಟ್ ಸಾಮರ್ಥ್ಯವನ್ನು ಡಾಸ್‌ನ ಬೆನ್ನ ಹಿಂದೆಯೇ ಬಳಸಿಕೊಳ್ಳುವ ಉಪಾಯ ಮಾಡಿ, 640 ಕಿಲೋಬೈಟಿನ ಗೋಡೆ ದಾಟಿ ಕಂಪೈಲರನ್ನು ನಡೆಸಿ ತೋರಿಸಿದರು. 'ಡಿಜೆಜಿಪಿಪಿ' ಎಂಬ ಬಾಯಿಗೆ ಒಗ್ಗದ ಹೆಸರಿನ ಆ ಕಟ್ಟು ಮುಂದೆ ಡಾಸ್ ಪ್ರೋಗ್ರಾಮರುಗಳ ನೆಚ್ಚಿನ ಸಾಧನವಾಯಿತು.

ಬಾಗಿಲಿದ್ದೂ ಮನೆಯಿಲ್ಲ

1988ರಲ್ಲಿ ಐಇಇಇ ಸಂಸ್ಥೆ 'ಪಾಸಿಕ್ಸ್' ಎಂಬ ಮಾನಕ ಪ್ರಕಟಿಸಿತು. ಯುನಿಕ್ಸ್ ಬಗೆಯ ವ್ಯವಸ್ಥೆಯೊಂದು ಪ್ರೋಗ್ರಾಮುಗಳಿಗೆ ಯಾವ ಯಾವ ಸೇವೆ ಕೊಡಬೇಕು ಎಂಬುದರ ಪಟ್ಟಿ ಅದು. ಅಮೆರಿಕದ ಒಕ್ಕೂಟ ಸರ್ಕಾರ ತನ್ನ ಖರೀದಿಗಳಲ್ಲಿ ಈ ಮಾನಕವನ್ನು ಕೇಳತೊಡಗಿತು. ಅದಕ್ಕಾಗಿ 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಪಾಸಿಕ್ಸ್ ಉಪವ್ಯವಸ್ಥೆಯೊಂದನ್ನು ಸೇರಿಸಲಾಯಿತು. ಆದರೆ ಅದರೊಂದಿಗೆ ಶೆಲ್ ಇಲ್ಲ, ಉಪಕರಣಗಳಿಲ್ಲ. ಅದರೊಳಗಿನ ಪ್ರೋಗ್ರಾಮುಗಳಿಗೆ ಜಾಲಸಂಪರ್ಕವೂ ಇಲ್ಲ, ತೆರೆಯ ಮೇಲೆ ಕಿಟಕಿ ತೆರೆಯುವ ಹಕ್ಕೂ ಇಲ್ಲ. ಖರೀದಿ ಪತ್ರದಲ್ಲಿ ಗುರುತು ಹಾಕಲು ಅಷ್ಟು ಸಾಕಿತ್ತು. ಕೆಲಸ ಮಾಡುವವರಿಗೆ ಅದು ಬಾಗಿಲು ಮಾತ್ರ, ಹಿಂದೆ ಮನೆಯೇ ಇಲ್ಲ. ಸಾಫ್ಟ್‌ವೇ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿ 1990ರ ದಶಕದ ನಡುವಿನಲ್ಲಿ ಅಲ್ಲಿ ನಿಜವಾದ ಮನೆ ಕಟ್ಟಿತು. ಅದರ 'ಇಂಟರಿಕ್ಸ್' ಅನ್ನು 1999ರಲ್ಲಿ ಮೈಕ್ರೋಸಾಫ್ಟ್ ಕೊಂಡು, 2004ರ ಹೊತ್ತಿಗೆ ಉಚಿತವಾಗಿಯೇ ಹಂಚಿತು. ವಿಂಡೋಸ್ 8.1ರ ವೇಳೆಗೆ, 2013ರಲ್ಲಿ, ಅದೂ ಮರೆಯಾಯಿತು.

ಬಾಳೆಯ ಕಂದು, ಬಿತ್ತಿದ ಬೀಜ

ಈ ಕಥೆಯ ನಡುಮನೆ ಎಂದರೆ ಸಿಗ್ವಿನ್. ಮುಕ್ತ ತಂತ್ರಾಂಶಕ್ಕೆ ಬೆಂಬಲ ಒದಗಿಸುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಸಿಗ್ನಸ್ ಕಂಪನಿಯ ಸ್ಟೀವ್ ಚೇಂಬರ್ಲೇನ್ 1995ರಲ್ಲಿ ಒಂದು ಸಂಗತಿ ಗಮನಿಸಿದರು: ವಿಂಡೋಸ್ ಎನ್‌ಟಿ ಮತ್ತು 95 ಬಳಸುವ ಕಡತ ವಿನ್ಯಾಸ 'ಕಾಫ್' ಎಂಬ ಬಗೆಯದು, ಗ್ನು ಕಂಪೈಲರಿಗೆ ಅದು ಮೊದಲೇ ಗೊತ್ತು. ಅಂದರೆ ಕಂಪೈಲರನ್ನು ವಿಂಡೋಸಿಗೆ ತರುವುದು ಕಷ್ಟವಲ್ಲ. ಆದರೆ ಅದನ್ನು ವಿಂಡೋಸಿನಲ್ಲೇ ಕಟ್ಟಬೇಕಾದರೆ ಮೊದಲು ಯುನಿಕ್ಸ್ ಶೆಲ್ ಬೇಕು. ಶೆಲ್ ನಡೆಯಬೇಕಾದರೆ ಯುನಿಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಕೊಡುವ ಸೇವೆಗಳು ಬೇಕು. ಒಂದೊಂದು ಉಪಕರಣವನ್ನೂ ತಿದ್ದುತ್ತಾ ಕೂರುವುದಕ್ಕಿಂತ, ಆ ಸೇವೆಗಳನ್ನು ಅನುಕರಿಸುವ ಒಂದೇ ಗ್ರಂಥಾಲಯ ಕಡತ ಬರೆದುಬಿಟ್ಟರೆ? ಆಗ ಉಪಕರಣಗಳನ್ನು ಹೆಚ್ಚು ಬದಲಿಸದೆ ಮರುಕಂಪೈಲ್ ಮಾಡಿದರೆ ಸಾಕು. ಕತ್ತರಿ ಹಾಕುವ ಜಾಗ ಇಲ್ಲಿ ಒಂದು ಪದರ ಕೆಳಗೆ ಸರಿಯಿತು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು 'ಫೋರ್ಕ್'. ಇದನ್ನು ತುಸು ನಿಧಾನವಾಗಿ ನೋಡೋಣ, ಏಕೆಂದರೆ ಎರಡು ವ್ಯವಸ್ಥೆಗಳ ಸ್ವಭಾವಭೇದ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯುನಿಕ್ಸಿನಲ್ಲಿ ಹೊಸ ಪ್ರಕ್ರಿಯೆ ಹುಟ್ಟುವುದು ಬಾಳೆ ಕಂದು ಹಾಕಿದಂತೆ. ನಡೆಯುತ್ತಿರುವ ಪ್ರಕ್ರಿಯೆ ತನ್ನಂತೆಯೇ ಇರುವ ಇನ್ನೊಂದನ್ನು ಪಕ್ಕದಲ್ಲೇ ಎಬ್ಬಿಸುತ್ತದೆ: ಅದೇ ಸ್ಮೃತಿ, ಅದೇ ತೆರೆದ ಕಡತಗಳು, ಪ್ರೋಗ್ರಾಮಿನ ಅದೇ ಸಾಲಿನಲ್ಲಿ ನಿಂತಿರುತ್ತದೆ. ಆಮೇಲೆ ಬೇಕಾದರೆ ಕಂದು ಬೇರೆ ಪ್ರೋಗ್ರಾಮಿನ ವೇಷ ಹಾಕುತ್ತದೆ. ವಿಂಡೋಸಿನಲ್ಲಿ ಹೊಸ ಪ್ರಕ್ರಿಯೆ ಎಂದರೆ ಬೀಜ ಬಿತ್ತಿದಂತೆ. ಪ್ರೋಗ್ರಾಮಿನ ಕಡತವನ್ನು ತೋರಿಸಿ ಮೊದಲಿನಿಂದ ಬೆಳೆಸಬೇಕು.

ಕಂದು ಹಾಕಲು ಬಾರದ ನೆಲದಲ್ಲಿ ಸಿಗ್ವಿನ್ ಮಾಡಿದ್ದು ಹೀಗೆ: ಅದೇ ಪ್ರೋಗ್ರಾಮಿನ ಇನ್ನೊಂದು ಬೀಜ ಬಿತ್ತಿ ಏಳುತ್ತಿದ್ದಂತೆ ತಡೆದು ನಿಲ್ಲಿಸುವುದು, ತಾಯಿಯ ಸ್ಮೃತಿಯಲ್ಲಿ ಇರುವುದನ್ನೆಲ್ಲ ಅದರೊಳಕ್ಕೆ ನಕಲು ಮಾಡುವುದು, ತಾಯಿ ನಿಂತ ಸಾಲಿಗೇ ಅದನ್ನು ನೆಗೆಸಿ ನಡೆಯಲು ಬಿಡುವುದು. ಯುನಿಕ್ಸುಗಳು ಸ್ಮೃತಿಯನ್ನು ತಾಯಿ ಮಗು ಹಂಚಿಕೊಳ್ಳುವಂತೆ ಬಿಟ್ಟು, ಯಾರಾದರೂ ಬದಲಿಸಿದ ಪುಟವನ್ನಷ್ಟೇ ನಕಲಿಸುತ್ತವೆ. ಸಿಗ್ವಿನ್‌ಗೆ ಆ ಅನುಕೂಲವಿಲ್ಲ. ಜೊತೆಗೆ ಮಗುವಿನ ಗ್ರಂಥಾಲಯ ಕಡತಗಳು ತಾಯಿಯಲ್ಲಿದ್ದ ವಿಳಾಸಗಳಲ್ಲೇ ಕೂರಬೇಕು. ಆ ಜಾಗದಲ್ಲಿ ವೈರಸ್ ನಿರೋಧಕವೋ ಇನ್ನಾವುದೋ ಬಂದು ಕುಳಿತರೆ ಫೋರ್ಕ್ ಕೈಕೊಡುತ್ತದೆ. ಶೆಲ್ ಲಿಪಿಗಳು ನೂರಾರು ಸಣ್ಣ ಪ್ರಕ್ರಿಯೆಗಳನ್ನು ಎಬ್ಬಿಸಿ ಮಲಗಿಸುವಂಥವು. ಸಿಗ್ವಿನ್‌ನಲ್ಲಿ ಅವು ಕುಂಟುವುದಕ್ಕೆ ಇದೇ ಮುಖ್ಯ ಕಾರಣ. ಗಣಕ ಹಳೆಯದೆಂದು ಬೈಯುವ ಮೊದಲು ಇದನ್ನು ನೆನಪಿಡಿ.

ವಿಚಿತ್ರವೆಂದರೆ, ಪಾಸಿಕ್ಸ್ ಉಪವ್ಯವಸ್ಥೆಗಾಗಿ ಎನ್‌ಟಿಯ ತಿರುಳಿನಲ್ಲೇ ಕಂದು ಹಾಕುವ ಸಾಮರ್ಥ್ಯ ಮೊದಲಿನಿಂದ ಇತ್ತು. ಆದರೆ ಸಾಮಾನ್ಯ ವಿಂಡೋಸ್ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಪದರಕ್ಕೆ ಹಾಗೆ ಹುಟ್ಟಿದ ಮಗುವಿನ ಗುರುತೇ ಸಿಗುತ್ತಿರಲಿಲ್ಲ. ಆ ಪದರದ ಮೇಲೆ ನಿಂತ ಸಿಗ್ವಿನ್‌ಗೆ ಅದು ಕಣ್ಣಿಗೆ ಕಂಡರೂ ಕೈಗೆ ಎಟುಕದ ಹಣ್ಣು.

ಪರವಾನಗಿಯ ತೊಡಕೂ ಇತ್ತು. ಸಿಗ್ವಿನ್ ಗ್ರಂಥಾಲಯ ಜಿಪಿಎಲ್ ಪರವಾನಗಿಯಲ್ಲಿ ಇದ್ದುದರಿಂದ, ಅದಕ್ಕೆ ಜೋಡಿಸಿದ ಪ್ರೋಗ್ರಾಮನ್ನು ಮುಚ್ಚಿದ ಸಂಕೇತದಲ್ಲಿ ಹಂಚುವವರು ಸಿಗ್ನಸ್‌ಗೆ, 1999ರ ಕೊನೆಯಲ್ಲಿ ಅದನ್ನು ಕೊಂಡ ಮೇಲೆ ರೆಡ್ ಹ್ಯಾಟ್‌ಗೆ, ಹಣ ತೆರಬೇಕಿತ್ತು. ಈ ನಿರ್ಬಂಧ ಸಡಿಲವಾದದ್ದು 2016ರಲ್ಲಿ. ಅನುಕರಣೆಯ ಪದರವೇ ಬೇಡ, ವಿಂಡೋಸಿನ ಸ್ವಂತ ಸಿ ಗ್ರಂಥಾಲಯವನ್ನೇ ಬಳಸೋಣ ಎಂದು ಕಾಲಿನ್ ಪೀಟರ್ಸ್ 1998ರಲ್ಲಿ 'ಮಿಂಗ್‌ಡಬ್ಲ್ಯು' ಆರಂಭಿಸಿದರು. ಅದರಲ್ಲಿ ಕಟ್ಟಿದ ಉಪಕರಣ ಚುರುಕು, ಆದರೆ ಫೋರ್ಕ್ ಬೇಡುವ ಶೆಲ್ಲಿನಂಥದ್ದು ಅಲ್ಲಿ ನಡೆಯದು. ಆದ್ದರಿಂದ ಶೆಲ್ಲಿಗಾಗಿ ಸಿಗ್ವಿನ್ನಿನದೇ ಕವಲಾದ 'ಎಂಸಿಸ್' ಅನ್ನು ಜೊತೆಗೆ ಇಟ್ಟುಕೊಂಡರು. ಇಂದು ವಿಂಡೋಸಿನಲ್ಲಿ 'ಗಿಟ್' ಸ್ಥಾಪಿಸಿದವರೆಲ್ಲ ತಿಳಿದೋ ತಿಳಿಯದೆಯೋ ಈ ಕವಲಿನ ನಂತರದ ಪೀಳಿಗೆಯನ್ನು ಬಳಸುತ್ತಿದ್ದಾರೆ.

ಪಠ್ಯ ಎಂದರೆ ಏನು?

ಶಾಲೆಯ ಪಟ್ಟಿಗೆ ಮರಳೋಣ. ಅದನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದಿದ್ದೀರಿ. ಕೆಲವು ಸಾಲುಗಳು ಯುನಿಕ್ಸ್ ಗಣಕದಿಂದ ಬಂದು ಸೇರಿವೆ. ಯುನಿಕ್ಸ್ ಸಾಲಿನ ಕೊನೆಗೆ ಒಂದೇ ಸಂಕೇತ ಇಡುತ್ತದೆ. ಡಾಸ್‌ನಿಂದ ಬಂದ ಪದ್ಧತಿಯಲ್ಲಿ ಎರಡು: ಟೆಲಿಟೈಪ್ ಯಂತ್ರದ ಕಾಲದಂತೆ, 'ಗಾಡಿ ಎಡಕ್ಕೆ ಮರಳಲಿ' ಎಂಬುದೊಂದು, 'ಕಾಗದ ಮೇಲೇರಲಿ' ಎಂಬುದೊಂದು. ಕಣ್ಣಿಗೆ ಎರಡೂ ಸಾಲು 'ಹಾಸನ'ವೇ. ಯುನಿಕ್ ಉಪಕರಣಕ್ಕೆ ಮಾತ್ರ ಅವು ಬೇರೆ ಬೇರೆ ಊರು. ಎಣಿಕೆಯಲ್ಲಿ ಹಾಸನ ಎರಡು ಸಲ ಬರುತ್ತದೆ. ಉಪಕರಣ ಸಾಗಿತು, ಆದರೆ ಅದು ನಂಬಿದ್ದ 'ಸಾಲು' ಎಂಬ ಕಲ್ಪನೆ ಹಿಂದೆಯೇ ಉಳಿಯಿತು ನೋಡಿ.

ಕನ್ನಡದ ಪಟ್ಟಿಯಾದರೆ ಇನ್ನೊಂದು ಪದರ. 'ಡಬ್ಲ್ಯುಸಿ' ಎಂಬುದು ಎಣಿಸುವ ಉಪಕರಣ. 'ಕನ್ನಡ' ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಸಾಲಿನ ಕೊನೆಯ ಗುರುತನ್ನು ಬಿಟ್ಟರೆ, ಬೈಟ್ ಎಣಿಸು ಎಂದಾಗ ಡಬ್ಲ್ಯುಸಿ 15 ಎನ್ನುತ್ತದೆ. ಅಕ್ಷರ ಎಣಿಸು ಎಂದರೆ, ಯುಟಿಎಫ್-8 ಎಂದು ವ್ಯವಸ್ಥೆಗೆ ಹೇಳಿದ್ದರೆ ಮಾತ್ರ, 5 ಎನ್ನುತ್ತದೆ. ಮೂರು ಎನ್ನಲು ಅದಕ್ಕೆ ಬಾರದು. ಸಿಗ್ವಿನ್ ಯುಟಿಎಫ್-8 ಅನ್ನು ಸಹಜ ಆಯ್ಕೆಯಾಗಿ ಒಪ್ಪಿಕೊಂಡದ್ದು 2009ರ ಕೊನೆಯಲ್ಲಿ ಬಂದ 1.7 ಆವೃತ್ತಿಯಿಂದ. ತರಗತಿಯಲ್ಲಿ ಇದನ್ನೊಮ್ಮೆ ಮಾಡಿ ತೋರಿಸಿ. ಅಕ್ಷರ, ಸಂಕೇತ, ಬೈಟ್ ಇವುಗಳ ಭೇದ ಉಪನ್ಯಾಸಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಮೈಕ್ರೋಸಾಫ್ಟಿನ ಜೆಫ್ರಿ ಸ್ನೋವರ್ ಎದುರಿಸಿದ್ದು ಇದರದೇ ದೊಡ್ಡ ರೂಪ. ವಿಂಡೋಸ್ ಸರ್ವರುಗಳ ನಿರ್ವಹಣೆಗೆ ಯುನಿಕ್ಸ್ ಉಪಕರಣಗಳನ್ನು ತಂದು ಕೊಟ್ಟರೆ ಸಾಕು ಎಂದು ಹೊರಟವರಿಗೆ ಅವು ಅಲ್ಲಿ ನಿರುಪಯೋಗಿ ಎಂದು ತಿಳಿಯಿತು. ಯುನಿಕ್ಸಿನಲ್ಲಿ ವ್ಯವಸ್ಥೆಯ ಹೊಂದಾಣಿಕೆಗಳೆಲ್ಲ ಪಠ್ಯ ಕಡತಗಳು. ಪಠ್ಯ ತಿದ್ದುವ ಉಪಕರಣವಿದ್ದರೆ ವ್ಯವಸ್ಥೆಯನ್ನೇ ತಿದ್ದಬಹುದು. ವಿಂಡೋಸಿನಲ್ಲಿ ಅವು ರಿಜಿಸ್ಟ್ರಿಯೊಳಗೆ, ಪ್ರೋಗ್ರಾಮುಗಳ ಕರೆಗೆ ಮಾತ್ರ ಓಗೊಡುವ ರಚನೆಗಳಾಗಿ ಇವೆ. ಸಾರ್ಟ್, ಗ್ರೆಪ್‌ಗಳಿಗೆ ಅಲ್ಲಿ ಓದಲು ಏನೂ ಇಲ್ಲ. ಆದ್ದರಿಂದ ಪೈಪಿನಲ್ಲಿ ಪಠ್ಯದ ಬದಲು ರಚನೆಗಳೇ ಹರಿಯುವ 'ಪವರ್‌ಶೆಲ್' ಹುಟ್ಟಿ 2006ರಲ್ಲಿ ಹೊರಬಂತು. ಹತ್ತು ವರ್ಷದ ನಂತರ ಅದೇ ಮುಕ್ತ ತಂತ್ರಾಂಶವಾಗಿ ಲಿನಕ್ಸಿಗೆ ವಲಸೆ ಹೋದದ್ದು ಬೇರೆ ಮಾತು. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ನಡೆಸುವ 'ವೈನ್' ಯೋಜನೆ 1993ರಲ್ಲಿ ಆರಂಭವಾಗಿ 1.0 ಆವೃತ್ತಿಗೆ ತಲುಪಲು 2008ರವರೆಗೆ, ಹದಿನೈದು ವರ್ಷ, ಹಿಡಿಯಿತು. ಹಾಗಾಗಿ ಆ ದಿಕ್ಕಿನ ದಾರಿಯೂ ಸಲೀಸಲ್ಲ.

ತಿರುಳನ್ನೇ ತಂದದ್ದು

2016ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್, ಉಬುಂಟುವಿನ ಒಡೆಯರಾದ ಕೆನಾನಿಕಲ್ ಜೊತೆಗೂಡಿ, ವಿಂಡೋಸ್ 10ರಲ್ಲಿ ಲಿನಕ್ಸ್ ಉಪಕರಣಗಳು ನಡೆಯುತ್ತವೆ ಎಂದು ಘೋಷಿಸಿತು. ಅದೇ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು! 'ಡಬ್ಲ್ಯುಎಸ್‌ಎಲ್' ಎಂಬ ಈ ಏರ್ಪಾಟಿನಲ್ಲಿ ಉಪಕರಣವನ್ನು ಮರುಕಂಪೈಲ್ ಕೂಡ ಮಾಡಬೇಕಿಲ್ಲ. ಉಬುಂಟುವಿಗಾಗಿ ಕಟ್ಟಿದ ಕಡತವೇ ನಡೆಯುತ್ತದೆ. ಅದು ಲಿನಕ್ಸ್ ತಿರುಳನ್ನು ಕುರಿತು ಮಾಡುವ ಪ್ರತಿ ಕರೆಯನ್ನೂ ವಿಂಡೋಸಿನ ತಿರುಳಿನೊಳಗೇ ಹಿಡಿದು ಅನುವಾದಿಸುತ್ತಾರೆ. ಫೋರ್ಕ್ ಈಗ ಸರಾಗ. ಆದರೆ ಲಿನಕ್ಸಿನ ಕರೆಗಳು ಮುನ್ನೂರಕ್ಕೂ ಹೆಚ್ಚು, ಪ್ರತಿಯೊಂದಕ್ಕೂ ಒಳಸುಳಿಗಳು. ಸಾವಿರಾರು ಸಣ್ಣ ಕಡತಗಳನ್ನು ಮುಟ್ಟುವ ಕೆಲಸ ಬಹಳ ನಿಧಾನವಾಗುತ್ತಿತ್ತು, ಏಕೆಂದರೆ ಕಡತ ತೆರೆಯುವುದು ಎಂಬುದಕ್ಕೇ ಎರಡು ವ್ಯವಸ್ಥೆಗಳಲ್ಲಿ ಅರ್ಥ ಬೇರೆ.

2019ರಲ್ಲಿ ಅನುವಾದವನ್ನೇ ಕೈಬಿಟ್ಟರು. ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ತಿರುಳು ಹಗುರವಾದ ಮಿಥ್ಯಾಗಣಕವೊಂದರಲ್ಲಿ ನಡೆಯುತ್ತದೆ. 2020ರ ಮೇ ತಿಂಗಳಲ್ಲಿ ಅದು ಎಲ್ಲರಿಗೂ ದೊರೆಯಿತು. 2025ರಲ್ಲಿ ಇದರ ಬಹುಪಾಲು ಮೂಲಸಂಕೇತವನ್ನೂ ತೆರೆದಿಟ್ಟರು. ಬೇರು ಕಡಿಯುವ ಪ್ರಶ್ನೆ ಇಲ್ಲಿ ಇಲ್ಲ, ಗಿಡವನ್ನು ಕುಂಡದ ಸಮೇತ ತಂದಿಟ್ಟಿದ್ದಾರೆ. ಆದರೆ ಕುಂಡಕ್ಕೆ ಜಾಗ ಬೇಕು: ಮಿಥ್ಯಾಗಣಕಕ್ಕೆ ಬೆಂಬಲವಿರುವ ಚಿಪ್ಪು, ಸಾಕಷ್ಟು ಸ್ಮೃತಿ, 64 ಬಿಟ್ಟಿನ ವಿಂಡೋಸ್. ವಿಂಡೋಸ್ ಕಡೆಯ ಡಿಸ್ಕಿನಲ್ಲಿರುವ ಕಡತಗಳನ್ನು ಕುಂಡದ ಒಳಗಿನಿಂದ ಮುಟ್ಟುವುದು ಈಗಲೂ ನಿಧಾನ; ಪಟ್ಟಿಯನ್ನು ಲಿನಕ್ಸ್ ಕಡೆಗೆ ನಕಲಿಸಿಕೊಂಡು ಕೆಲಸ ಮಾಡುವುದು ಮೇಲು.

ನಮ್ಮ ಎಷ್ಟೋ ಶಾಲಾ ಕಾಲೇಜುಗಳ ಹಳೆಯ ಗಣಕಗಳಿಗೆ ಈ ಭಾರ ಹೆಚ್ಚು. ಸಿಗ್ವಿನ್ ಕೂಡ 2022ರ ಕೊನೆಯಲ್ಲಿ 32 ಬಿಟ್ ವಿಂಡೋಸಿನ ಬೆಂಬಲ ನಿಲ್ಲಿಸಿತು. ಅಂಥ ಕಡೆ ಹತ್ತಾರು ಉಪಕರಣಗಳನ್ನು ಒಂದೇ ಕಡತದಲ್ಲಿ ತುಂಬಿದ 'ಬ್ಯುಸಿಬಾಕ್ಸ್'ನ ವಿಂಡೋಸ್ ರೂಪ ಉಪಯೋಗಕ್ಕೆ ಬರುತ್ತದೆ. ಸ್ಥಾಪಿಸುವ ಗೊಡವೆಯಿಲ್ಲ, ಪೆನ್‌ಡ್ರೈವಿನಲ್ಲಿ ಒಯ್ದು ನಡೆಸಬಹುದು. ಕರ್ನಿಗನ್, ಪ್ಲಾಗರ್ ಹಾಕಿಕೊಟ್ಟ ದಾರಿಯೇ ಅದು: ಉಪಕರಣವನ್ನು ಆಯಾ ನೆಲಕ್ಕಾಗಿಯೇ ಕಟ್ಟುವುದು. 2018ರಿಂದ ವಿಂಡೋಸ್ 10 ಜೊತೆಯಲ್ಲೇ 'ಕರ್ಲ್' ಮತ್ತು 'ಟಾರ್' ಉಪಕರಣಗಳು ಬರುತ್ತಿರುವುದೂ ಇದೇ ಬಗೆಯಲ್ಲಿ.

ಯಾರೋ ಸಿದ್ಧಪಡಿಸಿಟ್ಟ ಗಣಕದ ಮುಂದೆ ಕುಳಿತಿದ್ದೀರಿ, ತೆರೆದ ಶೆಲ್ ಈ ಪೈಕಿ ಯಾವುದೆಂದು ತಿಳಿಯದು ಎಂದುಕೊಳ್ಳಿ. 'ಯುನೇಮ್' ಎಂಬ ಆದೇಶ ಕೊಟ್ಟು ನೋಡಿ. ಸಿಗ್ವಿನ್ ಆದರೆ ತನ್ನ ಹೆಸರನ್ನೂ ಎನ್‌ಟಿ ಎಂಬುದನ್ನೂ ಸೇರಿಸಿ ಹೇಳುತ್ತದೆ. ಗಿಟ್ ಜೊತೆ ಬಂದದ್ದಾದರೆ ಮಿಂಗ್‌ಡಬ್ಲ್ಯುವಿನ ಹೆಸರು ಬರುತ್ತದೆ. ಡಬ್ಲ್ಯುಎಸ್‌ಎಲ್‌ನ ಎರಡು ಆವೃತ್ತಿಗಳೂ ಲಿನಕ್ಸ್ ಎಂದೇ ಹೇಳುತ್ತವೆ. ಆಗ ತಿರುಳಿನ ಆವೃತ್ತಿ ಕೇಳಿ: ಮೊದಲನೆಯದು 4.4.0 ಎಂದು ಹೇಳಿ ಜೊತೆಗೆ ಮೈಕ್ರೋಸಾಫ್ಟ್ ಎಂಬುದನ್ನು ದೊಡ್ಡ ಎಂ ಅಕ್ಷರದಿಂದ ಬರೆಯುತ್ತದೆ, ಅಲ್ಲಿ ಲಿನಕ್ಸ್ ತಿರುಳೇ ಇಲ್ಲದಿದ್ದರೂ. ತಿರುಳು ನಿಜವಾಗಿ ಇರುವ ಎರಡನೆಯದರಲ್ಲಿ ಎಂ ಅಕ್ಷರ ಸಣ್ಣದು.